ಪಡಸಾಲೆಯ ಮೂರನೆಯ ಕಂಬ

ನಾನು ಓದಲು ಕಲಿತದ್ದು ನಮ್ಮ ಮನೆಯ ಪಡಸಾಲೆಯಲ್ಲಿ, ಬಾಗಿಲಿನಿಂದ ಎಣಿಸಿದರೆ ಮೂರನೆಯ ಕಂಬದ ಬುಡದಲ್ಲಿ. ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ, ನಾನೂ ನಗುತ್ತೇನೆ. ಆದರೆ ಕುಣಿಗಲ್ ಕಡೆಯ ಶಾಲೆಗಳಲ್ಲಿ ಮೇಡಂ ಆಗಿದ್ದಷ್ಟು ವರ್ಷವೂ ನನ್ನನ್ನು ಕಂಡರೆ ಹೆಡ್‌ಮಾಸ್ಟರುಗಳು ಹೆದರುತ್ತಿದ್ದದ್ದು ಆ ಕಂಬದ ದೆಸೆಯಿಂದಲೇ. ಹೊಸ ಶಾಲೆಗೆ ಹೋದ ಮೊದಲ ದಿನವೇ ನಾನು ಸೆರಗು ಸಿಕ್ಕಿಸಿಕೊಂಡು ಬೆಂಚುಗಳನ್ನು ದರದರ ಎಳೆದಾಡುತ್ತಿದ್ದೆ. ಸಾಲು ಕಂಡರೆ ಈಯಮ್ಮನಿಗೆ ಮೈ ಉರಿಯುತ್ತದೆ ಎಂದು ಹಿಂದೆ ಆಡಿಕೊಳ್ಳುತ್ತಿದ್ದರು. ಅದು ನಿಜ. ಸಾಲಿನ ಕೊನೆಯಲ್ಲಿ ಕೂತು ಒಂದಕ್ಷರವೂ ಬಾರದೆ ಜಾಣೆ ಅನ್ನಿಸಿಕೊಂಡವಳು ನಾನು. ಅದರಿಂದ ಏನಾಯಿತು ಎನ್ನುವುದು ನನಗೂ ಗೊತ್ತು, ಸತ್ತು ಎಷ್ಟೋ ಕಾಲವಾದ ನಮ್ಮಜ್ಜಿಗೂ ಗೊತ್ತಿತ್ತು.

ಗುಬ್ಬಿಯಿಂದ ಮೂರು ಮೈಲಿ ಒಳಗೆ ನಮ್ಮೂರು. ಮಣ್ಣಿನ ಗೋಡೆಯ, ನಾಡಹೆಂಚಿನ ದೊಡ್ಡ ಮನೆ. ಪಡಸಾಲೆಯಲ್ಲಿ ನಾಲ್ಕು ಮರದ ಕಂಬ, ಕಂಬಗಳ ಮೇಲೆ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ಕಾಯಿ ಅಲ್ಲಿ ವರ್ಷದ ಹತ್ತಿರ ಹತ್ತಿರ ಮಲಗಿ ಒಳಗೊಳಗೇ ಒಣಗಿ ಕೊಬ್ಬರಿಯಾಗುತ್ತಿತ್ತು. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗಟಗಟ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದರ್ಥ. ಸುಮ್ಮನಿದ್ದರೆ ಮತ್ತೆ ಮಲಗಿಸಬೇಕು. ಇಡೀ ಮನೆಗೆ ಹೊಗೆ, ಕೊಬ್ಬರಿ, ಹುರುಳಿ ಸಾರು ಮೂರೂ ಬೆರೆತ ಒಂದು ವಾಸನೆ ಇತ್ತು. ಈಗಲೂ ತುಮಕೂರಿನ ಅಂಗಡಿಬೀದಿಯಲ್ಲಿ ಕೊಬ್ಬರಿ ಚೀಲದ ಪಕ್ಕ ಹಾದರೆ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ. ಮನೆಯ ಯಜಮಾನಿಕೆ ಅಜ್ಜಿಯದು. ಅಪ್ಪ ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬೆಳಗಿನ ಮಬ್ಬಿಗೇ ಸೈಕಲ್ಲೇರಿ ಗುಬ್ಬಿಯ ಬಸ್ಸಿಗೆ ಹೋದರೆ ನಾವು ಮಲಗಿದ ಮೇಲೆ ಬರುತ್ತಿದ್ದರು. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಅಜ್ಜಿಯಂತೂ ಶಾಲೆಯ ದಿಕ್ಕಿಗೇ ಹೋದವಳಲ್ಲ.

ಅಜ್ಜಿಗೆ ಒಬ್ಬಳೇ ಮಗಳು, ನನ್ನ ಪುಟ್ಟತ್ತೆ. ಹುಲಿಯೂರುದುರ್ಗಕ್ಕೆ ಕೊಟ್ಟಿದ್ದರು. ಗುಬ್ಬಿ, ತುಮಕೂರು, ಕುಣಿಗಲ್ ಎಂದು ಮೂರು ಕಡೆ ಬಸ್ಸು ಬದಲಿಸಿ ಹೋಗಬೇಕಾದ ಊರು. ಅಜ್ಜಿಗೆ ಬಸ್ಸು ಹತ್ತುವ ಮುಂಚೆ ಮೂರು ಜನರನ್ನು ಕೇಳುವ ಅಭ್ಯಾಸ. ಕಂಡಕ್ಟರನ್ನು ಕೇಳಿ, ಕಡ್ಲೆಕಾಯಿ ಮಾರುವವಳನ್ನು ಕೇಳಿ, ಕೊನೆಗೆ ಯಾರಾದರೂ ಪ್ಯಾಂಟು ಹಾಕಿದವರನ್ನು ಕೇಳಿ, ಮೂವರೂ ಒಂದೇ ಮಾತು ಹೇಳಿದರೆ ಮಾತ್ರ ಮೆಟ್ಟಿಲ ಮೇಲೆ ಕಾಲಿಡುತ್ತಿದ್ದಳು. ಅಷ್ಟರಲ್ಲಿ ಎಷ್ಟೋ ಬಸ್ಸು ಹೊರಟೇ ಹೋಗುತ್ತಿದ್ದವು. ಹಾಗಾಗಿ ತಾಯಿ ಮಗಳ ನಡುವೆ ಓಡಾಡುತ್ತಿದ್ದದ್ದು ಹೆಚ್ಚಾಗಿ ಕಾರ್ಡು. ನಾಲ್ಕನೇ ಕ್ಲಾಸು ಓದಿದ್ದ ಪುಟ್ಟತ್ತೆ ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದಳು. ಪೋಸ್ಟ್‌ಮ್ಯಾನ್ ಅದನ್ನು ಜಗಲಿಯ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದ. ಪುಟ್ಟತ್ತೆಯ ಅತ್ತೆಗೆ ಮಂಡಿನೋವು ಎನ್ನುವುದು ಅಜ್ಜಿಗಿಂತ ಮುಂಚೆ ಎದುರುಮನೆಗೆ ಗೊತ್ತಾಗುತ್ತಿತ್ತು. ನಾನು ಎರಡನೇ ಕ್ಲಾಸಿಗೆ ಬಂದ ಮೇಲೆ ಒಂದು ದಿನ ಅಜ್ಜಿ ಅವನ ಕೈಯಿಂದ ಕಾರ್ಡು ಕಿತ್ತುಕೊಂಡಳು.

"ಕೊಟ್ಟೋಗಪ್ಪ ಸಾಕು. ಇನ್ಮೇಲೆ ನಮ್ಮನೇಲೇ ಓದೋರವ್ರೆ."

ಹೆಮ್ಮೆಯಿಂದ ಕಾರ್ಡನ್ನು ನನ್ನ ಕೈಗೆ ಕೊಟ್ಟಳು. ನನಗೆ ಓದಲು ಬರುತ್ತಿರಲಿಲ್ಲ. ಶಾಲೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಏಕೆಂದರೆ ಶಾಲೆಯಲ್ಲಿ ನಾನು ತಡವರಿಸದೆ ಓದುತ್ತಿದ್ದೆ. ಇಡೀ ಶಾಲೆಗೆ ಒಂದೇ ಕೋಣೆ, ಒಬ್ಬರೇ ಮೇಷ್ಟ್ರು, ನಾಲ್ಕು ಕ್ಲಾಸು. ಒಂದೊಂದು ಕ್ಲಾಸಿಗೆ ಒಂದೊಂದು ಸಾಲು. ಸಾಲಿನ ಮುಂದೆ ಜಾಣರು, ಹಿಂದೆ ನಮ್ಮಂಥವರು. ಎರಡನೇ ಕ್ಲಾಸಿನ ಸರದಿ ಬಂದಾಗ ಮುಂದಿನವನಿಂದ ಶುರುವಾಗಿ ಹನ್ನೆರಡು ಮಕ್ಕಳೂ ಒಂದೇ ಪಾಠವನ್ನು ಒಬ್ಬರಾದ ಮೇಲೊಬ್ಬರು ಗಟ್ಟಿಯಾಗಿ ಓದಬೇಕು. ಆ ಕ್ರಮ ಒಂದು ದಿನವೂ ಬದಲಾದದ್ದಿಲ್ಲ. ನಾನು ಹನ್ನೆರಡನೆಯವಳು. ಹನ್ನೊಂದು ಸಲ ಕೇಳಿದ ಮೇಲೆ ಪಾಠ ನನ್ನ ಬಾಯಲ್ಲಿ ಕುಣಿಯುತ್ತಿತ್ತು. ಪುಸ್ತಕದ ಮೇಲೆ ಬೆರಳಾಡಿಸುತ್ತ, ಎಲ್ಲಿ ಉಸಿರು ಬಿಡಬೇಕೋ ಅಲ್ಲಿ ಬಿಟ್ಟು, ಚಂದವಾಗಿ ಒಪ್ಪಿಸುತ್ತಿದ್ದೆ. ಸಾಲಿನ ಕೊನೆಯಲ್ಲಿದ್ದರೂ ಹುಡುಗಿ ಪರವಾಗಿಲ್ಲ ಎಂದು ಮೇಷ್ಟ್ರು ತಲೆ ಸವರುತ್ತಿದ್ದರು. ನಾನು ಬೇಕೆಂದು ಮೋಸ ಮಾಡುತ್ತಿದ್ದೆ ಎಂದಲ್ಲ. ಬಹಳ ದಿನಗಳವರೆಗೆ ಓದುವುದೆಂದರೆ ಇದೇ ಎಂದು ತಿಳಿದಿದ್ದೆ.

ಕಾರ್ಡು ಕೈಗೆ ಬಂದ ಮೇಲೆ ಗೊತ್ತಾಯಿತು, ನನ್ನ ಮುಂದೆ ಓದುವ ಹನ್ನೊಂದು ಜನ ಇಲ್ಲಿ ಇಲ್ಲ ಎಂದು. ಪೋಸ್ಟ್‌ಮ್ಯಾನ್ ಓದುತ್ತಿದ್ದದ್ದನ್ನು ನೆನಪಿಸಿಕೊಂಡು ಎಲ್ಲರೂ ಕ್ಷೇಮ, ಮಳೆ ಬಂದಿದೆ, ರಾಗಿ ಚೆನ್ನಾಗಿದೆ ಎಂದು ಹೇಳಿ ಎರಡು ಕಾರ್ಡು ದಾಟಿಸಿದೆ. ಮೂರನೆಯದು ಒಂದು ಶುಕ್ರವಾರ ಬಂತು. ಅವತ್ತು ಪುಟ್ಟತ್ತೆ ಮೂಲೆಮೂಲೆಯವರೆಗೂ ಬರೆದುಬಿಟ್ಟಿದ್ದಳು.

"ಅಷ್ಟೇನೇನೇ? ಇಷ್ಟೊಂದ್ ಗೀಚವ್ಳೆ, ಬರೀ ಮಳೆ ವಿಚಾರನಾ?"

"ಇನ್ನೂ ಐತೆ ಅಜ್ಜಿ. ಎಮ್ಮೆ... ಎಮ್ಮೆ ಈದೈತಂತೆ. ಗಿಣ್ಣು ತಿನ್ನೋಕೆ ಬೇಗ್ ಬರ್ಬೇಕಂತೆ ನೀನು."

ಪುಟ್ಟತ್ತೆಯ ಎಮ್ಮೆ ಗಬ್ಬವಾಗಿದೆ ಎಂದು ಹಿಂದೊಮ್ಮೆ ಪೋಸ್ಟ್‌ಮ್ಯಾನ್ ಓದಿದ್ದ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ಎಂದರೆ ನನಗೆ ಪ್ರಾಣ. ಬಾಯಿಗೆ ಬಂದದ್ದು ಅದೇ. ಅಜ್ಜಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಎಮ್ಮೆಯ ವಿಷಯದಲ್ಲಿ ಅವಳನ್ನು ಮೀರಿಸುವವರು ಹೋಬಳಿಯಲ್ಲೇ ಇರಲಿಲ್ಲ.

"ಆರ್ ತಿಂಗ್ಳು ತುಂಬಿರ್ಬೇಕು ಅಷ್ಟೇ ಕಣೇ ಅದುಕ್ಕೆ. ಸರ್ಯಾಗ್ ನೋಡು."

ನಾನು ಬೆರಳಿಟ್ಟು ಮತ್ತೊಂದು ಸಲ ನೋಡಿದೆ.

"ಹಂಗೇ ಬರ್ದೈತೆ ಅಜ್ಜಿ."

"ನಾನೇ ಎಣ್ಸಿದ್ದು ತಪ್ಪಾಯ್ತೇನೋ ಬುಡು. ಬರ್ದವ್ಳೆ ಅಂದ್ಮೇಲೆ ಮುಗೀತು."

ಐವತ್ತು ವರ್ಷ ಎಮ್ಮೆ ಸಾಕಿದವಳು ತನ್ನ ಲೆಕ್ಕವನ್ನು ಬಿಟ್ಟು ನನ್ನ ಓದನ್ನು ನಂಬಿದಳು. ಮಾರನೆಯ ದಿನ ಬೆಳಿಗ್ಗೆ ಮುಚ್ಚಳದ ಹಿತ್ತಾಳೆ ಪಾತ್ರೆ ಬೆಳಗಿ, ಬಟ್ಟೆಯಲ್ಲಿ ಕಟ್ಟಿಕೊಂಡು ಹುಲಿಯೂರುದುರ್ಗಕ್ಕೆ ಹೊರಟಳು. ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಲ್ಲಿ ನಿಂತವಳು ಪುಟ್ಟತ್ತೆ!

"ಅವ್ವ ಎಲ್ಲಿ ಅತ್ತಿಗೆ? ಶನಿವಾರ ಬರ್ತೀನಿ, ಒಂದ್ ರಾತ್ರಿ ಇದ್ದೋಗ್ತೀನಿ, ಎಲ್ಲೂ ಹೋಗ್ಬೇಡ ಅಂತ ಬರ್ದಿದ್ನಲ್ಲ!"

ಅಮ್ಮ ನನ್ನ ಕಡೆ ತಿರುಗಿದಳು. ಪುಟ್ಟತ್ತೆ ಗೋಡೆಯ ತಂತಿಗೆ ಸಿಕ್ಕಿಸಿದ್ದ ತನ್ನದೇ ಕಾರ್ಡು ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದಳು. ಅದರಲ್ಲಿ ಎಮ್ಮೆಯ ಬಾಲವೂ ಇರಲಿಲ್ಲ. ಅಮ್ಮನ ಕೈಯಲ್ಲಿ ಬಿದ್ದ ಏಟನ್ನು ಬರೆದು ಪ್ರಯೋಜನವಿಲ್ಲ. ಅದಕ್ಕಿಂತ ಫಜೀತಿ ಭಾನುವಾರದ್ದು. ಅವ್ವ ಅಲ್ಲಿ ಕಾಯುತ್ತಿರುತ್ತಾಳೆ ಎಂದು ಪುಟ್ಟತ್ತೆ ಮೊದಲ ಬಸ್ಸಿಗೆ ಹೊರಟಳು. ಮಗಳು ಇಲ್ಲಿ ಕಾಯುತ್ತಿರುತ್ತಾಳೆ ಎಂದು ಅಜ್ಜಿ ಅಲ್ಲಿಂದ ಮೊದಲ ಬಸ್ಸಿಗೆ ಹೊರಟಳು. ಎರಡು ದಿನದಲ್ಲಿ ತಾಯಿ ಮಗಳು ಎರಡು ಸಲ ಒಬ್ಬರನ್ನೊಬ್ಬರು ದಾಟಿಹೋದರು. ಕುಣಿಗಲ್ ಕೆರೆ ಏರಿಯ ಮೇಲೆ ಎದುರು ಬಸ್ಸಿನಲ್ಲಿ ಹಸಿರು ಸೀರೆಯೊಂದನ್ನು ಕಂಡೆ, ಅದು ಮಗಳೇ ಇರಬೇಕು ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದಳು. ಖಾಲಿ ಪಾತ್ರೆ ಕೆಳಗಿಟ್ಟು, ಮನೆಯೊಳಗೆಲ್ಲ ಒಂದು ಸಲ ಕಣ್ಣಾಡಿಸಿ, ಮಗಳು ಇಲ್ಲ ಎಂದು ತಿಳಿದ ಮೇಲೆ ಅವಳು ಕೂತ ರೀತಿಯನ್ನು ನಾನು ಮರೆತಿಲ್ಲ. ನನಗೆ ಬೈಯಲಿಲ್ಲ. ಅವತ್ತಿನಿಂದ ನನ್ನ ಹೆಸರು ಹಿಡಿದು ಕೂಗಲೂ ಇಲ್ಲ. ಅಮ್ಮನ ಏಟಿಗೆ ಅಳದವಳು ಅದಕ್ಕೆ ಅತ್ತುಬಿಟ್ಟೆ.

ಅದೇ ವಾರ ಜಡಿಮಳೆಗೆ ಶಾಲೆಯ ಮಾಡು ಒಂದು ಮೂಲೆಯಲ್ಲಿ ಕುಸಿಯಿತು. ರಿಪೇರಿಯಾಗುವವರೆಗೆ ಮಕ್ಕಳನ್ನು ಎಲ್ಲಿ ಕೂರಿಸುವುದು ಎಂದು ಮೇಷ್ಟ್ರು ಮನೆಮನೆ ತಿರುಗುತ್ತ ಬಂದರು. ನಂಜುಂಡಯ್ಯ ಮೇಷ್ಟ್ರು ಬೆಳ್ಳಾವಿಯವರು, ಸಾಧು ಮನುಷ್ಯ. ಅವರು ಬಾಯಿ ತೆರೆಯುವ ಮುಂಚೆಯೇ ಅಜ್ಜಿ ಹೇಳಿದಳು.

"ನಮ್ ಪಡಸಾಲೇಲಿ ಕೂರ್ಸ್ಕಳಿ ಮೇಷ್ಟ್ರೇ. ಇವ್ಳು ಅದೇನ್ ಓದ್ತಾಳೋ ನನ್ ಕಣ್ಮುಂದೇನೇ ಓದ್ಲಿ."

ಅಮ್ಮ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದಳು. ಇಪ್ಪತ್ತಾರು ಮಕ್ಕಳು, ಅವರ ಮೂಗು, ಅವರ ಕಾಲಿನ ಕೆಸರು, ದಿನಕ್ಕೆ ಮೂರು ಹಂಡೆ ನೀರು. ಮೊದಲ ವಾರವೆಲ್ಲ ಅತ್ತೆ ಸೊಸೆಗೆ ಇದೇ ಜಗಳ. ಆದರೆ ಮಧ್ಯಾಹ್ನ ಮೇಷ್ಟ್ರಿಗೆ ಮುದ್ದೆ ಬಡಿಸುವಾಗ ಅಮ್ಮನೇ ಒಂದು ಸೌಟು ಸಾರು ಹೆಚ್ಚು ಬಿಡುತ್ತಿದ್ದಳು. ನನಗಂತೂ ಮನೆಯೇ ಶಾಲೆಯಾದ ಸಂಭ್ರಮ. ಪಾಠದ ನಡುವೆ ಅಟ್ಟದಿಂದ ಧೂಳು ಉದುರುತ್ತಿತ್ತು, ಇಲಿ ಓಡಿದರೆ ನಾಲ್ಕೂ ಕ್ಲಾಸು ಒಟ್ಟಿಗೆ ಕಿರುಚುತ್ತಿತ್ತು. ಮೇಷ್ಟ್ರು ಇಲ್ಲಿಯೂ ಕಂಬಗಳ ನಡುವೆ ಹೇಗೋ ಸಾಲು ಮಾಡಿಯೇ ಮಾಡಿದರು. ನಾನು ಮತ್ತೆ ಕೊನೆಯಲ್ಲಿ, ರಾಗಿ ತುಂಬಿದ ಮಣ್ಣಿನ ವಾಡೆಯ ಪಕ್ಕ. ಅಜ್ಜಿ ನಡುಮನೆಯ ಹೊಸ್ತಿಲ ಮೇಲೆ ಅವರೆಕಾಯಿ ಸುಲಿಯುತ್ತ ಕೂರುತ್ತಿದ್ದಳು. ಕಣ್ಣು ಕಾಯಿಯ ಮೇಲೆ, ಕಿವಿ ನಮ್ಮ ಮೇಲೆ. ನಾಲ್ಕನೆಯ ದಿನ ನಾನು ಹನ್ನೆರಡನೆಯವಳಾಗಿ ಪಾಠ ಒಪ್ಪಿಸಿ, ಮೇಷ್ಟ್ರು ಶಭಾಷ್ ಎಂದಾಗ ಅಜ್ಜಿ ಮೊರ ಕೆಳಗಿಟ್ಟು ಎದ್ದು ಬಂದಳು.

"ಆ ಬುಕ್ಕು ಕೊಡಿಲ್ಲಿ ಮೇಷ್ಟ್ರೇ, ನಾನೂ ಓದ್ತೀನಿ."

ಮಕ್ಕಳೆಲ್ಲ ಕಿಸಿಕಿಸಿ ನಕ್ಕರು. ಅಜ್ಜಿ ಪುಸ್ತಕವನ್ನು ಎಲ್ಲಿಯೋ ಒಂದು ಕಡೆ ಬಿಡಿಸಿ, ಬೆರಳಿಟ್ಟು, ಗಟ್ಟಿದನಿಯಲ್ಲಿ ಶುರುಮಾಡಿದಳು. ಬಸವನ ಬಳಿ ಎರಡು ಎತ್ತುಗಳಿದ್ದವು. ಒಂದರ ಹೆಸರು ರಾಮ, ಇನ್ನೊಂದರ ಹೆಸರು ಭೀಮ. ಬಸವನು ಮುಂಜಾನೆ ಎದ್ದು ಎತ್ತುಗಳ ಮೈ ತೊಳೆಯುತ್ತಿದ್ದನು. ಹೀಗೆ ಇಡೀ ಪಾಠ, ಒಂದು ಮಾತೂ ಬಿಡದೆ. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ಬಗ್ಗಿ ನೋಡಿದರು. ಅಜ್ಜಿ ಬೆರಳಿಟ್ಟಿದ್ದ ಪುಟದಲ್ಲಿದ್ದದ್ದು ಮಾವಿನಮರದ ಪಾಠ.

"ನಾಕ್ ದಿನ ಕೇಳಿ ನಂಗೇ ಬಂತು. ಇವ್ಳು ದಿನಾ ಹನ್ನೊಂದ್ ಸಲ ಕೇಳ್ತಾಳೆ. ಇದ್ನ ಓದೋದು ಅಂತಾರಾ ಮೇಷ್ಟ್ರೇ?"

ಮೇಷ್ಟ್ರು ನನ್ನನ್ನು ಕರೆದು ಮಾವಿನಮರದ ಪಾಠ ಓದಲು ಹೇಳಿದರು. ನನಗೆ ಮೊದಲ ಪದವೇ ಬರಲಿಲ್ಲ. ಕೊನೆಯಲ್ಲಿ ಕೂರುತ್ತಿದ್ದ ಇನ್ನೂ ಮೂವರಿಗೆ ಹೇಳಿದರು, ಅವರಿಗೂ ಬರಲಿಲ್ಲ. ಬೇರೆಯವರಾಗಿದ್ದರೆ ಬೆತ್ತ ಹುಡುಕುತ್ತಿದ್ದರೇನೋ. ಅವರು ಅವತ್ತು ಮುದ್ದೆಯನ್ನೂ ಅರ್ಧಕ್ಕೆ ಬಿಟ್ಟು ಪಡಸಾಲೆಯನ್ನೇ ನೋಡುತ್ತ ಕೂತರು.

"ತಪ್ಪು ನಂದೇ ಕಣಮ್ಮ. ಕೂರ್ಸಿದ ರೀತೀನೇ ಸರಿಯಿಲ್ಲ," ಎಂದು ಅಜ್ಜಿಗೆ ಹೇಳಿದರು.

ಒಬ್ಬ ಮೇಷ್ಟ್ರು ಹೀಗೆ ಹೇಳಿದ್ದನ್ನು ನಾನು ಆಮೇಲೆ ನನ್ನ ಇಡೀ ನೌಕರಿಯಲ್ಲಿ ಮತ್ತೆ ಕೇಳಲಿಲ್ಲ. ಮಾರನೆಯ ದಿನದಿಂದ ಸಾಲು ಹೋಯಿತು, ಕಂಬ ಬಂತು. ಒಂದೊಂದು ಕಂಬದ ಸುತ್ತ ಆರೇಳು ಮಕ್ಕಳು, ನಾಲ್ಕೂ ಕ್ಲಾಸಿನವರು ಬೆರೆತು. ಎಲ್ಲರೂ ಒಂದೇ ಪಾಠ ಓದುವ ಹಾಗಿಲ್ಲ. ದೊಡ್ಡವರು ಚಿಕ್ಕವರಿಗೆ ಓದಿಸಬೇಕು, ಮೇಷ್ಟ್ರು ಕಂಬದಿಂದ ಕಂಬಕ್ಕೆ ತಿರುಗುತ್ತಾರೆ. ನನಗೆ ಮೂರನೆಯ ಕಂಬ. ಅಲ್ಲಿನ ಯಜಮಾನಿ ನಾಲ್ಕನೇ ಕ್ಲಾಸಿನ ನಾಗರತ್ನ, ಎರಡು ಜಡೆಯ, ಕರುಣೆಯೇ ಇಲ್ಲದ ಹುಡುಗಿ. ಅವಳು ಪಾಠವನ್ನು ಮೇಲಿನಿಂದ ಓದಿಸುತ್ತಲೇ ಇರಲಿಲ್ಲ. ಪುಟದ ಮಧ್ಯದಲ್ಲಿ ಎಲ್ಲಾದರೂ ಒಂದು ಹುಣಸೆಬೀಜ ಇಟ್ಟು, ಈ ಪದ ಹೇಳು ಎನ್ನುತ್ತಿದ್ದಳು. ನನ್ನ ಬಾಯಿಪಾಠವೆಲ್ಲ ಆ ಬೀಜದ ಮುಂದೆ ನೀರಾಯಿತು. ನನ್ನ ಕೆಳಗೆ ಒಂದನೇ ಕ್ಲಾಸಿನ ಚಂದ್ರಿ, ಮುಷ್ಟಿಯಷ್ಟಿದ್ದಳು, ಅವಳಿಗೆ ನಾನೇ ಮೇಡಂ. ಚಂದ್ರಿ ಒಂದಕ್ಷರಕ್ಕೆ ಹತ್ತು ಪ್ರಶ್ನೆ ಕೇಳುವವಳು. ಇದರ ಕೆಳಗೆ ಇನ್ನೊಂದು ಪುಟಾಣಿ ಅಕ್ಷರ ಯಾಕೆ ನೇತಾಡ್ತಿದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನಲು ನನಗೆ ಅಭಿಮಾನ. ಸಂಜೆ ನಾಗರತ್ನಳ ಮನೆಗೆ ಓಡಿಹೋಗಿ ಕಲಿತು ಬಂದು, ಬೆಳಿಗ್ಗೆ ಹುಟ್ಟಿನಿಂದಲೇ ಬಲ್ಲವಳ ಹಾಗೆ ಚಂದ್ರಿಗೆ ಹೇಳಿಕೊಡುತ್ತಿದ್ದೆ. ಹಾಗೆ ಹೇಳಿಕೊಟ್ಟದ್ದೊಂದೂ ನನಗೆ ಮರೆಯಲಿಲ್ಲ.

ಎಲ್ಲರಿಗೂ ಇದು ಹಿಡಿಸಿತು ಎಂದರೆ ಸುಳ್ಳಾಗುತ್ತದೆ. ಸಾಲಿನ ಮುಂದಿರುತ್ತಿದ್ದ ಶಿವಣ್ಣನ ತಾಯಿ ಜಗಲಿಗೇ ಬಂದು, ನನ್ನ ಮಗ ಓದೋಕೆ ಬರ್ತಾನೋ ಕಂಡೋರ ಮಕ್ಕಳಿಗೆ ಓದಿಸೋಕೆ ಬರ್ತಾನೋ ಎಂದು ಕೂಗಾಡಿದಳು. ಅವಳ ಸಿಟ್ಟಿನಲ್ಲೂ ನ್ಯಾಯವಿತ್ತು, ಶಿವಣ್ಣನಿಗೆ ಮೊದಲ ತಿಂಗಳು ಪಾಠ ಹಿಂದೆ ಬಿತ್ತು. ಮೇಷ್ಟ್ರು ಅವನಿಗೆಂದೇ ದಿನಾ ಅರ್ಧ ಗಂಟೆ ಬೇರೆ ಪುಸ್ತಕ ಓದಿಸತೊಡಗಿದ ಮೇಲೆ ಆಯಮ್ಮ ಸುಮ್ಮನಾದಳು. ಗಲಾಟೆಯಂತೂ ಸಂತೆಯ ಗಲಾಟೆ. ಆದರೆ ಆ ಗಲಾಟೆಯೆಲ್ಲ ಓದಿನದೇ. ಹೊಸ ಪುಟವೊಂದನ್ನು ತಪ್ಪಿಲ್ಲದೆ ಓದಿದವರು ಅಟ್ಟ ಹತ್ತಿ ಐದು ಕಾಯಿ ಅಲ್ಲಾಡಿಸಬಹುದು ಎಂದು ಅಜ್ಜಿ ಬಹುಮಾನ ಇಟ್ಟಳು. ಮಾವಿನಮರದ ಪಾಠವನ್ನು ನಾನು ಮೊದಲ ಬಾರಿಗೆ ಯಾರಿಂದಲೂ ಕೇಳದೆ ಓದಿದ ದಿನ ಏಣಿ ಹತ್ತಿದೆ. ಐದರಲ್ಲಿ ಮೂರು ಕಾಯಿ ಗಟಗಟ ಎಂದವು. ಅಷ್ಟು ಖುಷಿ ನನಗೆ ಆಮೇಲೆ ನೌಕರಿ ಸಿಕ್ಕಾಗಲೂ ಆಗಲಿಲ್ಲ. ಕೆಳಗೆ ಬಂದು ನೋಡಿದರೆ ಅಜ್ಜಿಯ ಮುಖ ಮಾತ್ರ ಹಾಗೇ ಇತ್ತು. ಅಷ್ಟು ದಿನ ಪುಟ್ಟತ್ತೆಯ ಕಾರ್ಡುಗಳನ್ನು ಅವಳು ಮಡಿಲಲ್ಲಿಟ್ಟುಕೊಂಡು, ಅಪ್ಪನಿಗೆ ರಜೆಯಿರುವ ಭಾನುವಾರಕ್ಕೆ ಕಾಯುತ್ತಿದ್ದಳು. ನನ್ನ ಕೈಗೆ ಒಂದನ್ನೂ ಕೊಟ್ಟಿರಲಿಲ್ಲ.

ಹುಣಸೆಹಣ್ಣಿನ ಕಾಲ ಬಂತು, ಶಾಲೆಯ ಮಾಡು ಇನ್ನೂ ರಿಪೇರಿಯಾಗಿರಲಿಲ್ಲ. ಒಂದು ಬುಧವಾರ ಮೇಷ್ಟ್ರು ಮೀಟಿಂಗಿಗೆಂದು ಗುಬ್ಬಿಗೆ ಹೋಗಿದ್ದರು. ಕಂಬಗಳ ಸುತ್ತ ಓದು ತನ್ನಷ್ಟಕ್ಕೆ ನಡೆದಿತ್ತು. ಅಜ್ಜಿ ಹೊಸ್ತಿಲ ಮೇಲೆ ಹುಣಸೆಬೀಜ ಬಿಡಿಸುತ್ತಿದ್ದಳು. ಪೋಸ್ಟ್‌ಮ್ಯಾನ್ ಸೈಕಲ್ ಇಳಿಯದೆಯೇ ಕಾರ್ಡನ್ನು ಒಳಗೆ ಎಸೆದು ಹೋದ. ಅದು ಜಾರಿಕೊಂಡು ಬಂದು ಬಿದ್ದದ್ದು ಮೂರನೆಯ ಕಂಬದ ಬುಡಕ್ಕೆ. ಎತ್ತಿಕೊಂಡೆ. ಅಕ್ಷರಗಳು ಒಂದೊಂದಾಗಿ ನನ್ನ ಕಡೆಗೆ ತಿರುಗಿದವು, ಓದಿಬಿಟ್ಟೆ. ಓದಿದ ಮೇಲೆ ಅಳು ಬಂತು.

"ಏನ್ಲೇ ಅದು?"

"ಪುಟ್ಟತ್ತೆ ಬರ್ದವ್ರೆ ಅಜ್ಜಿ. ಎಮ್ಮೆ... ಎಮ್ಮೆ ಈ ವಾರ ಈಯುತ್ತಂತೆ. ಗಿಣ್ಣು ತಿನ್ನೋಕೆ ಬಾ ಅಂತ."

ಪಡಸಾಲೆಗೆ ಪಡಸಾಲೆಯೇ ಗೊಳ್ಳೆಂದು ನಕ್ಕಿತು. ಗಿಣ್ಣಿನ ಕಥೆ ಊರಿಗೆಲ್ಲ ಗೊತ್ತಿತ್ತು. ಅಜ್ಜಿ ನಗಲಿಲ್ಲ.

"ಮತ್ತೆ ಗಿಣ್ಣಾ? ಬುದ್ಧಿ ಬರ್ಲಿಲ್ವೇನೇ ನಿಂಗೆ?"

"ದೇವ್ರಾಣೆ ಅಜ್ಜಿ, ಹಂಗೇ ಬರ್ದೈತೆ!"

ಆ ಮಾತನ್ನು ಹಿಂದೆಯೂ ಹೇಳಿದ್ದೆ ಎಂದು ಹೇಳಿದ ಮೇಲೆ ನೆನಪಾಯಿತು. ನಾಗರತ್ನ ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಓದಿ, ಹೌದಜ್ಜಿ, ನಿಜ ಎಂದಳು.

"ನೀವಿಬ್ರೂ ಒಂದೇ ಕಂಬ್ದೋರು. ಆ ಚಿಕ್ಕದುಕ್ ಕೊಡು ನೋಡಾನ. ಅದುಕ್ಕಿನ್ನೂ ಸುಳ್ಳೇಳಾಕೆ ಬರಲ್ಲ."

ಚಂದ್ರಿ ಮೂಗೊರೆಸಿಕೊಂಡು ಕಾರ್ಡು ಹಿಡಿದಳು. ಸಹಾಯಕ್ಕೆಂದು ನಾನು ಬಾಯಿ ತೆರೆದದ್ದೇ ತಡ, ನಾಗರತ್ನ ನನ್ನ ಬಾಯಿ ಮುಚ್ಚಿ ಹಿಡಿದಳು. ಮೂರನೆಯ ಕಂಬದ ಹತ್ತಿರ ನಾನು ಏನು ಕಲಿತಿದ್ದೆನೋ ಅದೆಲ್ಲ ಈಗ ಆ ಮುಷ್ಟಿಯಷ್ಟು ಹುಡುಗಿಯ ಬೆರಳ ತುದಿಯಲ್ಲಿತ್ತು. ಅವಳು ಒಂದೊಂದೇ ಅಕ್ಷರ ಕೂಡಿಸಿದಳು.

"ಎ... ಮ್ಮೆ. ಎಮ್ಮೆ. ಈ ವಾ...ರ..."

ನಗು ನಿಂತಿತು. ಗಿಣ್ಣು ಎನ್ನುವಲ್ಲಿ ಸ್ವಲ್ಪ ಹೊತ್ತು ತಡವರಿಸಿ, ಅದನ್ನೂ ದಾಟಿ, ಚಂದ್ರಿ ಕೊನೆಯ ಸಾಲಿಗೆ ಬಂದಳು.

"ನಾ...ನು ಎ...ಲ್ಲೂ ಹೋ...ಗು...ವು...ದಿಲ್ಲ. ನೀ...ನು ಬಾ... ಅವ್ವ."

ಅಜ್ಜಿಯ ಕೈಯಲ್ಲಿದ್ದ ಹುಣಸೆಹಣ್ಣು ಹಾಗೇ ಉಳಿಯಿತು. ಮನಸ್ಸಿನಲ್ಲೇ ಬೆರಳು ಮಡಿಸಿ ಎಣಿಸಿದಳು ಎಂದು ಕಾಣುತ್ತದೆ.

"ಲೆಕ್ಕ ಸರಿಯಾಗೈತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡು ಎದ್ದಳು. ಹಿತ್ತಾಳೆ ಪಾತ್ರೆ ಎಲ್ಲಿದೆ ಎಂದು ಅಮ್ಮನನ್ನು ಕೂಗಿದಳು. ಚಂದ್ರಿಯ ಬಾಯಿಗೆ ಒಂದು ಬೆಲ್ಲದುಂಡೆ ತುರುಕಿದಳು. ನಾನು ಕಂಬಕ್ಕೆ ಆತುಕೊಂಡು ನಿಂತೇ ಇದ್ದೆ. ಬಾಗಿಲ ಹತ್ತಿರ ಹೋದವಳು ತಿರುಗಿದಳು.

"ಏನ್ಲೇ ಗಿರಿಜಿ, ನಿಂತೇ ಇದೀಯಲ್ಲ? ಲಂಗ ಬದ್ಲಾಯ್ಸು, ನೀನೂ ಹೊರಡು."

ನಾಲ್ಕು ತಿಂಗಳಾಗಿತ್ತು ಅವಳು ನನ್ನ ಹೆಸರನ್ನು ಹಾಗೆ ಕೂಗಿ. ಗುಬ್ಬಿಯಲ್ಲಿ ತುಮಕೂರಿಗೆ ನಿಂತಿದ್ದದ್ದು ಒಂದೇ ಬಸ್ಸು, ಕೇಳುವ ಪ್ರಮೇಯ ಇರಲಿಲ್ಲ. ತುಮಕೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಟ್ಟಿಗೆ ಏಳೆಂಟು ಬಸ್ಸು ಗುರ್ರೆನ್ನುತ್ತ ನಿಂತಿದ್ದವು. ನಾನು ಅಜ್ಜಿಯ ಸೆರಗು ಹಿಡಿದುಕೊಂಡು ಒಂದೊಂದರ ಹಣೆಯನ್ನೂ ಓದುತ್ತ ನಡೆದೆ. ಶಿರಾ ಅಲ್ಲ. ಕೊರಟಗೆರೆ ಅಲ್ಲ. ತುದಿಯಲ್ಲೊಂದು ಕೆಂಪು ಬಸ್ಸು, ಬಿಳಿಯ ಬೋರ್ಡು.

"ಇದೇ ಅಜ್ಜಿ. ಕುಣಿಗಲ್."

ಪಕ್ಕದಲ್ಲಿ ಕಂಡಕ್ಟರ್ ಇದ್ದ. ಕಡ್ಲೆಕಾಯಿಯವಳು ಇದ್ದಳು. ಪ್ಯಾಂಟು ಹಾಕಿದವರಂತೂ ಬೇಕಾದಷ್ಟು ಜನ ಇದ್ದರು. ಅಜ್ಜಿ ಪಾತ್ರೆಯನ್ನು ಕಂಕುಳಿಗೆ ಏರಿಸಿಕೊಂಡು, ಯಾರನ್ನೂ ಕೇಳದೆ, ಬಸ್ಸು ಹತ್ತಿದಳು.